ಗರ್ಭಿಣಿಯರು ಅನ್ನ, ಮುದ್ದೆ ಬಿಟ್ಟು ಬರೀ ಪ್ರೋಟೀನ್ ತಿನ್ನಬೇಕೇ?

ಬಸುರಿಯರು ಅನ್ನ, ಮುದ್ದೆ, ಚಪಾತಿ ಬಿಟ್ಟು ಮೊಟ್ಟೆ, ಮಾಂಸ, ಪ್ರೋಟೀನ್ ಪುಡಿ ತಿಂದರೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಮಗು ಗಟ್ಟಿಮುಟ್ಟಾಗಿರುತ್ತದೆ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಡೆಯಿರಿ. ಇಂಥದ್ದನ್ನು ಹಿಂದೆಯೇ ಮಾಡಿ ನೋಡಿದ್ದಾರೆ.

ಸ್ಕಾಟ್ಲೆಂಡಿನ ಮದರ್‌ವೆಲ್‌ನಲ್ಲಿ 1960ರ ದಶಕದಲ್ಲಿ ಗರ್ಭಿಣಿಯರಿಗೆ ಕೊಡುತ್ತಿದ್ದ ಸಲಹೆ: ದಿನಕ್ಕೆ ಸುಮಾರು ಅರ್ಧ ಕೆಜಿ ಮಾಂಸ ತಿನ್ನಿ, ಪಿಷ್ಟದ ಪದಾರ್ಥ ಬಿಡಿ. ಹಾಗೆ ಹುಟ್ಟಿದ ಮಕ್ಕಳನ್ನು ಮೂವತ್ತರ ಹತ್ತಿರ ಬಂದಾಗ ಪರೀಕ್ಷಿಸಿದರು. ತಾಯಿ ಹೆಚ್ಚು ಮಾಂಸ, ಮೀನು ತಿಂದಿದ್ದವರಲ್ಲಿ ರಕ್ತದೊತ್ತಡವೂ ಹೆಚ್ಚಿತ್ತು. ಇದೊಂದರಿಂದಲೇ ಮಾಂಸವೇ ಕಾರಣ ಎನ್ನಲಾಗದು, ನಿಜ. ಆದರೆ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1970ರ ದಶಕದಲ್ಲಿ ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ, ಹೆಚ್ಚು ಪ್ರೋಟೀನಿನ ಪಾನೀಯ ಪಡೆದವರಲ್ಲಿ ತೀರಾ ಅಕಾಲಿಕ ಹೆರಿಗೆ ಮತ್ತು ನವಜಾತ ಶಿಶುಗಳ ಸಾವು ಹೆಚ್ಚು ಕಂಡುಬಂದವು. ಪುಡಿ ಡಬ್ಬಿಯ ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ ಬಿಡಿ.

ಹೊಟ್ಟೆಯಲ್ಲಿರುವ ಮಗುವಿಗೆ ಮುಖ್ಯ ಇಂಧನ ತಾಯಿಯ ರಕ್ತದ ಗ್ಲೂಕೋಸ್. ಅದಕ್ಕೇ ಗರ್ಭಿಣಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂಬ ಶಿಫಾರಸು ಇದೆ. ಒಂದು ಕಪ್ ಅನ್ನದಲ್ಲಿ ಇರುವುದು ಸುಮಾರು 45 ಗ್ರಾಂ.

ಹಾಗಂತ ಪ್ರೋಟೀನ್ ಬೇಡವೆಂದಲ್ಲ. ಐಸಿಎಂಆರ್ ಪ್ರಕಾರ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಹೆಚ್ಚುವರಿ ಬೇಕು. ತಿಳಿಸಾರಿನಿಂದ ಅಷ್ಟು ಸಿಗದು. ಗಟ್ಟಿ ಬೇಳೆ, ಮೊಳಕೆಕಾಳು, ಮೊಸರು, ಮೊಟ್ಟೆ ಸೇರಿಸಿ. ಮುದ್ದೆ ತಟ್ಟೆಯಲ್ಲೇ ಇರಲಿ. ಗರ್ಭಿಣಿಗೆ ಸಕ್ಕರೆ ಕಾಯಿಲೆ ಇದ್ದರೂ ಅನ್ನ ಪೂರ್ತಿ ನಿಲ್ಲಿಸುವುದಿಲ್ಲ. ಎಷ್ಟು, ಯಾವ ಹೊತ್ತಿಗೆ ಎಂದು ವೈದ್ಯರನ್ನೇ ಕೇಳಿ.