ನೆರೆಯೂ ಬರವೂ ಬೇರೆಯಲ್ಲ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬಡಾವಣೆಗಳಿಗೆ ನೆರೆ ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. 2024ರ ಮಾರ್ಚಿನಲ್ಲಿ ಅದೇ ನಗರ ನೀರಿನ ಟ್ಯಾಂಕರುಗಳಿಗೆ ಕಾದು ನಿಂತಿತು. ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ತಿಳಿಸಿದರು. ಮಳೆಯ ಏರಿಳಿತ ಸಹಜ. ಆದರೆ ಅದನ್ನು ತಾಳಿಕೊಳ್ಳುವ ನಗರದ ಶಕ್ತಿ ಕುಂದಿದ್ದೇಕೆ?

ಚೀನೀ ತತ್ತ್ವಶಾಸ್ತ್ರದ ಯಿನ್ ಮತ್ತು ಯಾಂಗ್ ಎಂಬ ಜೋಡಿ ಇಲ್ಲಿ ನೆರವಿಗೆ ಬರುತ್ತದೆ. ಮೂಲದಲ್ಲಿ ಅವು ಬೆಟ್ಟವೊಂದರ ನೆರಳಿನ ಮಗ್ಗುಲು ಮತ್ತು ಬಿಸಿಲಿನ ಮಗ್ಗುಲು. ಒಂದಿಲ್ಲದೆ ಇನ್ನೊಂದಿಲ್ಲ. ಅರಿಸ್ಟಾಟಲನ ತರ್ಕದ ಹಾದಿ ಬೇರೆ: ಒಂದು ವಸ್ತು ಏಕಕಾಲದಲ್ಲಿ, ಒಂದೇ ಅರ್ಥದಲ್ಲಿ, ಹೀಗಿದ್ದೂ ಹೀಗಿಲ್ಲದಿರಲಾರದು. ಈ ವಿಂಗಡಣೆಯನ್ನು ಹಗುರವಾಗಿ ಕಾಣುವುದು ಸಲ್ಲದು. 1974ರಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದಿರುವುದು ಆ ಬಗೆಯ ಲೆಕ್ಕಾಚಾರವೇ.

ಆದರೆ ವಿಂಗಡಿಸಿದ್ದನ್ನು ಮರಳಿ ಕೂಡಿಸದಿದ್ದರೆ ಅಪಾಯ ತಪ್ಪದು. ಸಮಸ್ಯೆಯೊಂದು ಎರಡು ಕಡತಗಳಿಗೆ ಹಂಚಿಹೋದರೆ ಅದರ ಮೂಲಕ್ಕೆ ವಾರಸುದಾರರಿರುವುದಿಲ್ಲವೆಂಬುದನ್ನು ಸರ್ಕಾರಿ ಸೇವೆಯಲ್ಲಿದ್ದ ನಾನು ಬಲ್ಲೆ. ರಾಜಕಾಲುವೆ ಪಾಲಿಕೆಯ ಪಾಲಿಗೆ ಬಂತು. ಕುಡಿಯುವ ನೀರು 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯ ಪಾಲಿಗೆ. ಒಂದು ಕಡೆ ಮಳೆನೀರನ್ನು ಬೇಗನೆ ಊರಾಚೆಗೆ ಸಾಗಿಸುವ ಆತುರ, ಇನ್ನೊಂದು ಕಡೆ ದೂರದಿಂದ ನೀರು ತರುವ ಆತುರ.

ಇವೆರಡನ್ನೂ ಬೆಸೆಯುತ್ತಿದ್ದುದು ಕೆರೆ. ಮಳೆಗಾಲದ ಹೆಚ್ಚಳವನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಾವಿಗಳಿಗೆ ಒರತೆಯಾಗುತ್ತಿದ್ದುದೂ ಅದೇ. ಧರ್ಮಾಂಬುಧಿಯ ಅಂಗಳ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯದು ಕಂಠೀರವ ಕ್ರೀಡಾಂಗಣ. ಬಸವನಗುಡಿ, ಚಾಮರಾಜಪೇಟೆಗಳವರಿಗೆ ಕೆಂಪಾಂಬುಧಿಯೂ ಮಲ್ಲೇಶ್ವರದವರಿಗೆ 1882ರ ಸ್ಯಾಂಕಿ ಕೆರೆಯೂ ಉಳಿದಿವೆ.

ಅರ್ಥಶಾಸ್ತ್ರದಲ್ಲಿ ಬದಲಿ ವಸ್ತುಗಳು, ಪೂರಕ ವಸ್ತುಗಳು ಎಂಬ ಭೇದವುಂಟು. ಕಾಫಿಗೆ ಚಹಾ ಬದಲಿ, ಹಾಲು ಪೂರಕ. ಕಾವೇರಿಯನ್ನು ಕೆರೆಗೆ ಬದಲಿಯೆಂದು ನಗರ ಭಾವಿಸಿತು; ಅದು ಪೂರಕ ಮಾತ್ರ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದ ಸಾಮರ್ಥ್ಯ ದಿನಕ್ಕೆ 775 ದಶಲಕ್ಷ ಲೀಟರ್. ಈ ಸಮೃದ್ಧಿಯೇ ಕೆರೆಗಳ ಮರೆವಿಗೆ ಕಾರಣವಾಗಬಾರದು. ನದಿಯ ಮೇಲಿನ ಮಳೆ ಕೈಕೊಟ್ಟ ವರ್ಷ ನಲ್ಲಿಯೂ ಕೈಕೊಡಬಹುದು.

ಹಾಗೆಂದು ಪೂರ್ವವೇ ಸರಿ, ಪಶ್ಚಿಮವೇ ತಪ್ಪು ಎಂದು ತೀರ್ಮಾನಿಸಿದರೆ ಅದೂ ಇಬ್ಭಾಗದ ಬುದ್ಧಿಯೇ ಆದೀತು. ಭೌತವಿಜ್ಞಾನಿ ನೀಲ್ಸ್ ಬೋರ್ 1947ರಲ್ಲಿ ತಮ್ಮ ಲಾಂಛನಕ್ಕೆ ಯಿನ್-ಯಾಂಗ್ ಚಿಹ್ನೆಯನ್ನೇ ಆರಿಸಿಕೊಂಡರು. ನಮಗೆ ಬೇಕಾದದ್ದು ಅಂಥ ದೃಷ್ಟಿ: ಅಳತೆ ನಿಖರವಾಗಿರಲಿ, ಆದರೆ ರಾಜಕಾಲುವೆ, ಕೆರೆ, ನಲ್ಲಿ ಈ ಮೂರರ ನೀರಿಗೂ ಒಂದೇ ಲೆಕ್ಕಪುಸ್ತಕವಿರಲಿ.