ಸೀಸೆಯಲ್ಲಿ ಕೂಡಿಟ್ಟ ಲೋಳೆ

ಕಳೆದ ತಿಂಗಳು ಬಂಧುಗಳ ಮನೆಯ ಮದುವೆಯಲ್ಲಿ ನನ್ನ ತಂಗಿಯ ಮೊಮ್ಮಗಳನ್ನು ಕಂಡೆ. ಕೆನ್ನೆಯ ತುಂಬ ಕೆಂಪು ಗುಳ್ಳೆಗಳು. ವಿಚಾರಿಸಿದಾಗ, ಅಗಸೆಬೀಜವನ್ನು ಕುದಿಸಿ ಸೋಸಿದ ಲೋಳೆಗೆ ಲೋಳೆಸರದ ತಿರುಳನ್ನು ಬೆರೆಸಿ, ವಿಟಮಿನ್ ಇ ಗುಳಿಗೆಯೊಂದನ್ನು ಒಡೆದು ಹಾಕಿ, ಸೀಸೆಯಲ್ಲಿ ತುಂಬಿಟ್ಟು ಮೂರು ವಾರಗಳಿಂದ ಹಚ್ಚುತ್ತಿದ್ದಳೆಂದು ತಿಳಿಯಿತು. ಗುಳ್ಳೆಗಳಿಗೆ ಅದೇ ಕಾರಣವೆಂದು ಪ್ರಮಾಣ ಮಾಡಲಾರೆ, ನಾನು ವೈದ್ಯನಲ್ಲ. ಆದರೆ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿದ ಹುಳಿವಾಸನೆಯನ್ನು ಗುರುತಿಸಲು ವೈದ್ಯನಾಗಬೇಕಿಲ್ಲ. "ಅಜ್ಜ, ಇದರಲ್ಲಿ ಕೆಮಿಕಲ್ಲೇ ಇಲ್ಲ" ಎಂದಳು.

ನನ್ನ ವಿರೋಧವಿರುವುದು ಈ ಮಾತಿಗೆ. ನೀರೂ ರಾಸಾಯನಿಕವೇ ಎಂದು ಎಂಟನೆಯ ತರಗತಿಯಲ್ಲಿ ನನ್ನಿಂದ ಕೇಳಿಸಿಕೊಂಡವರು ಈಗ ನಗುತ್ತಿರಬಹುದು. ಅದಿರಲಿ. ಅಗಸೆಯ ಲೋಳೆಯೆಂದರೇನು? ಸಕ್ಕರೆಯ ಅಣುಗಳ ಉದ್ದುದ್ದ ಸರಪಳಿಗಳು ನೀರನ್ನು ಹಿಡಿದಿಟ್ಟುಕೊಂಡ ಸ್ಥಿತಿ; ಜೊತೆಗೆ ಬೀಜದಿಂದ ಇಳಿದ ಕೊಂಚ ಪ್ರೋಟೀನು. ನೀರೂ ಆಹಾರವೂ ಒಂದೆಡೆ ದೊರೆತ ಮೇಲೆ ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು? ಮಂದವಾಗಿಸುವ ಗುಣ ಬೇರೆ, ಕೆಡದಂತೆ ಕಾಯುವ ಗುಣ ಬೇರೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆಯಬಲ್ಲುದೇ ಹೊರತು ಬ್ಯಾಕ್ಟೀರಿಯಾಗಳನ್ನಲ್ಲ. ಫ್ರಿಜ್ಜಿನ ತಂಪು ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ.

ಈ ಸೀಸೆಗಳ ಪರವಾಗಿ ಅಜ್ಜಿಯರನ್ನು ಸಾಕ್ಷಿಗೆ ಕರೆಯುವುದು ನನಗೆ ಸಹಿಸದು. ನನ್ನ ಅಜ್ಜಿ ದಾಸವಾಳದ ಎಲೆ ಕಿವುಚಿ, ಲೋಳೆ ತೆಗೆದು, ಎಣ್ಣೆಸ್ನಾನದ ದಿನ ನಮ್ಮ ತಲೆಗೆ ತಿಕ್ಕುತ್ತಿದ್ದಳು. ಉಳಿದದ್ದು ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ. ಮುಂದಿನ ಶನಿವಾರಕ್ಕೆಂದು ಎತ್ತಿಟ್ಟದ್ದನ್ನು ನಾನೆಂದೂ ಕಾಣೆ. ಅವಳ ಪಾಠದಲ್ಲಿ ಚೆಲ್ಲುವುದೂ ಸೇರಿತ್ತು.

ಅಂಗಡಿಯ ಪುಡಿಗಳೊಡನೆಯೂ ನನಗೆ ಜಗಳವಿಲ್ಲ. ಗೌರ್ ಗಮ್ ನಮ್ಮ ಗೋರಿಕಾಯಿಯ ಬೀಜದ್ದು. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆಯುಣಿಸಿ ಪಡೆಯುವುದೇ ಕ್ಸಾಂಥನ್ ಗಮ್. 1969ರಲ್ಲಿ ಅಮೆರಿಕವು ಅದನ್ನು ಆಹಾರದಲ್ಲಿ ಬಳಸಲು ಒಪ್ಪಿತು. ನೂರು ಗ್ರಾಂ ನೀರಿಗೆ ಅರ್ಧ ಗ್ರಾಂ ಸಾಕು. ನೇರವಾಗಿ ಸುರಿದರೆ ರಾಗಿಹಿಟ್ಟಿನಂತೆ ಗಂಟುಕಟ್ಟುವುದರಿಂದ ಮೊದಲು ಗ್ಲಿಸರಿನ್‌ನಲ್ಲಿ ಕಲಸಬೇಕು. ಆದರೆ ತಿನ್ನಬಹುದಾದ ವಸ್ತುವೆಂಬ ಮಾತ್ರಕ್ಕೆ ಅದು ಹಳಸದೆಂದು ವಾದಿಸುವವರು, ತಿನ್ನುವ ಗಂಜಿ ಮರುದಿನ ಏನಾಗುತ್ತದೆಂಬುದನ್ನು ನೆನೆಯಲಿ.

ಇನ್ನೂ ಮುಂದುವರಿದವರು ಸತುವಿನ ಆಕ್ಸೈಡನ್ನು ಇದೇ ಲೋಳೆಯಲ್ಲಿ ಕದಡಿ ಸನ್‌ಸ್ಕ್ರೀನ್ ಎನ್ನುತ್ತಾರೆ. ನೀರಿಗಿಂತ ಐದೂವರೆ ಪಟ್ಟು ಸಾಂದ್ರವಾದ ಆ ಪುಡಿ ತಳಕ್ಕಿಳಿಯದಂತೆ ಲೋಳೆ ತಡೆದೀತು. ಅದರೊಳಗಿನ ಗಂಟುಗಳನ್ನು ಒಡೆಯುವವರು ಯಾರು? ಕಣ್ಣಿಗೆ ಬೆಳ್ಳಗೆ ಕಂಡರೂ, ಗಂಟುಗಳ ನಡುವಿನ ಚರ್ಮ ಬಿಸಿಲಿಗೆ ಬರಿದೇ.

ಹಳೆಯ ಕ್ಯಾಲಮೈನ್ ಲೋಷನ್ನನ್ನೇ ನೋಡಿ. ಬ್ರಿಟಿಷ್ ಫಾರ್ಮಕೋಪಿಯಾದ ಸೂತ್ರದಲ್ಲಿ ಪುಡಿಯನ್ನು ತೇಲಿಸಲು ಬೆಂಟೋನೈಟ್ ಜೇಡಿಯುಂಟು. ಅದರೊಡನೆ ಫಿನಾಲ್ ಕೂಡ ಉಂಟು. ಇಷ್ಟಾದರೂ ಬಳಸುವ ಮುನ್ನ ಸೀಸೆಯನ್ನು ಚೆನ್ನಾಗಿ ಕುಲುಕಬೇಕು. ಆ ಸೂತ್ರ ಬರೆದವರು ಲೋಳೆಗೆ ಒಂದೇ ಕೆಲಸ ಒಪ್ಪಿಸಿದ್ದರು.

ಲೋಳೆ ಬೇಕಾದವರು ಆ ದಿನಕ್ಕೆಷ್ಟೋ ಅಷ್ಟೇ ಮಾಡಿಕೊಳ್ಳಿ. ಕೂಡಿಡಲೇಬೇಕೆಂದರೆ ಸರಿಯಾದ ಸಂರಕ್ಷಕವನ್ನು ತಕ್ಕಡಿಯಲ್ಲಿ ತೂಗಿ ಹಾಕಿ. ಕೆಮಿಕಲ್ ಎಂಬ ಹೆಸರಿಗೆ ಬೆದರಬೇಡಿ. ಮೊಮ್ಮಗಳು ಸೀಸೆಯನ್ನು ಚೆಲ್ಲಿ ಚರ್ಮವೈದ್ಯರ ಬಳಿಗೆ ಹೋಗಿಬಂದಳಂತೆ. ಸೂತ್ರವನ್ನು ಹೇಳಿಕೊಟ್ಟಿದ್ದ ಅವಳ ತಾಯಿ ಮಾತ್ರ ನನ್ನೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ.