ಕಪಾಳಕ್ಕೆ ಬಿದ್ದ ಏಟೇ ಸಾಕ್ಷ್ಯವೇ?

1998ರ ಜನವರಿಯಲ್ಲಿ ಸೋನಿ ವಾಹಿನಿಯಲ್ಲಿ ಆರಂಭಗೊಂಡ ‘ಸಿಐಡಿ’ ಹಿಂದಿ ಧಾರಾವಾಹಿಯು 2018ರ ಅಕ್ಟೋಬರ್‌ನಲ್ಲಿ ನಿಂತಾಗ ಒಂದೂವರೆ ಸಾವಿರಕ್ಕೂ ಅಧಿಕ ಕಂತುಗಳನ್ನು ದಾಟಿತ್ತು. 2024ರ ಡಿಸೆಂಬರ್‌ನಲ್ಲಿ ಅದು ಮರಳಿ ಬಂತು. ಇಷ್ಟೊಂದು ಕಂತುಗಳ ಸಂಭಾಷಣೆಯನ್ನು ಬರೆದಿಡಲು ಎಷ್ಟು ಪುಟಗಳು ಬೇಕಾದೀತು? ಒಂದು ಹಾಳೆ ಸಾಕು. ಎಸಿಪಿ ಪ್ರದ್ಯುಮ್ನ ಬೆರಳಾಡಿಸುತ್ತಾ ‘ಕುಛ್ ತೋ ಗಡ್‌ಬಡ್ ಹೈ’ ಎನ್ನುತ್ತಾರೆ. ಬಳಿಕ ‘ದಯಾ, ದರ್ವಾಜಾ ತೋಡ್ ದೋ’ ಎಂಬ ಅಪ್ಪಣೆ. ಚಿಲಕ ಹಾಕಿದೆಯೇ ಎಂದು ಪರೀಕ್ಷಿಸುವ ಅಭ್ಯಾಸ ಆ ಇಲಾಖೆಗೆ ಇದ್ದಂತಿಲ್ಲ.

ಕಥೆಯ ಎಡವಟ್ಟುಗಳೂ ಕಡಿಮೆಯಿಲ್ಲ. 2025ರ ಏಪ್ರಿಲ್‌ನಲ್ಲಿ ಇದೇ ಪ್ರದ್ಯುಮ್ನರು ಬಾಂಬ್ ಸ್ಫೋಟದಲ್ಲಿ ಸತ್ತರೆಂದು ತೋರಿಸಿ, ಆಮೇಲೆ ಅವರನ್ನು ಜೀವಂತವಾಗಿ ಕರೆತರಲಾಯಿತು. ವಾರಗಟ್ಟಲೆ ಹಿಡಿಯುವ ಪ್ರಯೋಗಾಲಯದ ವರದಿಯು ಡಾಕ್ಟರ್ ಸಾಳುಂಕೆಯವರ ಕೈಯಲ್ಲಿ ಚಹಾ ಆರುವ ಮುನ್ನವೇ ಸಿದ್ಧ. ಇವನ್ನೆಲ್ಲ ನಕ್ಕು ಮರೆಯಬಹುದು.

ಆದರೆ ನಗಲಾಗದ ಎಡವಟ್ಟು ಬೇರೆಯದೇ ಇದೆ. ಕರಾವಳಿ ಮೂಲದ ನಟ ದಯಾನಂದ ಶೆಟ್ಟಿಯವರ ದಯಾ, ಶಂಕಿತನ ಕಪಾಳಕ್ಕೆ ಬಾರಿಸುತ್ತಾನೆ. ಆತ ಒಡನೆಯೇ ತಪ್ಪೊಪ್ಪಿಕೊಳ್ಳುತ್ತಾನೆ. ‘ಇನ್ನು ನಿನಗೆ ಗಲ್ಲೇ’ ಎಂದು ಎಸಿಪಿ ತೀರ್ಪಿತ್ತುಬಿಡುತ್ತಾರೆ. ವಕೀಲರಿಲ್ಲ, ನ್ಯಾಯಾಲಯದ ಮೆಟ್ಟಿಲು ಕಾಣಿಸುವುದೂ ಅಪರೂಪ. ಏಟು ಬಿದ್ದವನು ನಿರಪರಾಧಿಯೆಂದು ಮುಂದೆ ತಿಳಿದರೂ ಕ್ಷಮೆ ಕೇಳುವವರಿಲ್ಲ. ಕಥೆ ಮುಂದಿನ ಕೆನ್ನೆಯನ್ನು ಹುಡುಕಿಕೊಂಡು ಹೋಗುತ್ತದೆ. ಸೋಫಾದಲ್ಲಿ ಕುಳಿತ ನಮ್ಮ ಮಕ್ಕಳು ‘ಇನ್ನೊಂದು ಬಾರಿಸು’ ಎಂದು ಕೂಗುತ್ತಾರೆ, ನಾವೂ ಮುಗುಳ್ನಗುತ್ತೇವೆ!

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯ 23ನೇ ಸೆಕ್ಷನ್ ಕೂಡಾ ಅದನ್ನೇ ಹೇಳುತ್ತದೆ. ಲಾಠಿಯ ಗುಣವನ್ನು ಚೆನ್ನಾಗಿ ಬಲ್ಲ ಬ್ರಿಟಿಷರೇ ಈ ನಿಯಮವನ್ನು ಬರೆದರೆಂಬುದು ಗಮನಾರ್ಹ. ಹಾಗಾದರೆ ದಯಾನ ಏಟಿನಿಂದ ಬಗೆಹರಿದ ಪ್ರಕರಣಗಳು ನ್ಯಾಯಾಲಯದಲ್ಲಿ ಒಂದು ದಿನವಾದರೂ ನಿಂತಾವೇ?

ಧಾರಾವಾಹಿಯ ಪೊಲೀಸರು ಮುಂಬೈಯವರು. ಅದೇ ಮುಂಬೈಯಲ್ಲಿ 2006ರ ಜುಲೈ 11ರಂದು ರೈಲುಗಳಲ್ಲಿ ಸಂಭವಿಸಿದ ಸ್ಫೋಟಗಳು 180ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡವು. ಪೊಲೀಸ್ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೂ ಮಾನ್ಯತೆ ನೀಡುವ ಮೋಕಾ ಕಾಯ್ದೆಯಡಿ ವಿಚಾರಣೆ ನಡೆದು, 2015ರಲ್ಲಿ 12 ಮಂದಿಗೆ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಅವರೆಲ್ಲರನ್ನೂ ಖುಲಾಸೆಗೊಳಿಸಿತು. ಚಿತ್ರಹಿಂಸೆ ನೀಡಲಾಗಿತ್ತೆಂಬ ಆರೋಪಿಗಳ ವಾದವನ್ನು ಒಪ್ಪಿದ ನ್ಯಾಯಾಲಯವು, ತಪ್ಪೊಪ್ಪಿಗೆಗಳ ಕೆಲವು ಭಾಗಗಳು ಒಂದನ್ನೊಂದು ಹೋಲುವ ನಕಲುಗಳೆಂದು ಗುರುತಿಸಿತು. ಅಂದರೆ ಅಲ್ಲಿಯೂ ಸಂಭಾಷಣೆಯ ಪುನರಾವರ್ತನೆಯೇ! ಒಬ್ಬರು 2021ರಲ್ಲಿ ಸೆರೆಯಲ್ಲೇ ಮೃತಪಟ್ಟಿದ್ದರು. ಈ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸದಂತೆ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ನೀಡಿತಾದರೂ ಬಿಡುಗಡೆಯಾದವರನ್ನು ಮರಳಿ ಸೆರೆಗೆ ಕಳುಹಿಸಲಿಲ್ಲ. ಮಡಿದವರ ಮನೆಯವರಿಗಾದರೂ ಆ ಹೊಡೆತಗಳಿಂದ ದಕ್ಕಿದ್ದೇನು?

ಸಿಐಡಿಯ ಲೇಖಕರು ಒಂದೇ ಒಂದು ಕಂತನ್ನು ಬೇರೆ ರೀತಿ ಬರೆದು ನೋಡಲಿ. ದಯಾ ಕೈ ಎತ್ತುತ್ತಾನೆ. ಎದುರಿಗಿದ್ದವನು ‘ಮೊದಲು ನನ್ನ ವಕೀಲರನ್ನು ಕರೆಸಿ’ ಎನ್ನುತ್ತಾನೆ. ಸಂವಿಧಾನದ 22ನೇ ವಿಧಿ ಅವನಿಗೆ ಆ ಹಕ್ಕನ್ನು ಕೊಟ್ಟಿದೆ. ಆಗ ಎಸಿಪಿ ಪ್ರದ್ಯುಮ್ನ ಏನೆನ್ನುತ್ತಾರೆ? ಅಷ್ಟೊಂದು ಕಂತುಗಳಾದರೂ ಅದಕ್ಕೊಂದು ಸಂಭಾಷಣೆ ಅವರಲ್ಲಿ ಸಿದ್ಧವಿಲ್ಲ.